ಚಾರ್ಜು ಪಟ್ಟಿ

ಭಾನುವಾರದ ಆರಾಧನೆ ಮುಗಿದರೆ ಹಳೆಯ ಅಯ್ಯನವರು ಮಡಿಕೇರಿಗೆ,
ಬುಧವಾರ ಹೊಸಬರು, ಗದಗಿನ ಕಡೆಯಿಂದ.
ನಡುವಿನ ಎರಡು ದಿನ ಮಂಜೇಶ್ವರದ ಈ ಗುಡ್ಡೆಗೆ ಕುರುಬನಿಲ್ಲ,
ಬೀಗದಕೈ ಮಾತ್ರ ನನ್ನ ಸೆರಗಿನಲ್ಲಿ.

ಖಜಾಂಚಿ ನೀವೇ ತಾನೆ ದೀನಮಣಿ ಟೀಚರೇ,
ಸಾಮಾನಿನ ಪಟ್ಟಿಯೂ ನೀವೇ ಮಾಡಿಬಿಡಿ
ಎಂದರು ಕಮಿಟಿಯವರು.
ಎಂದು, ಚಹಾ ಕುಡಿದು ಹೋದರು.

ಬರೆಯುತ್ತಿದ್ದೇನೆ.
ಬೆಂಚು ಇಪ್ಪತ್ತೆರಡು, ಒಂದಕ್ಕೆ ಕಾಲಿನ ಬದಲು ಮುರಕಲ್ಲು.
ಹಾರ್ಮೋನಿಯಂ ಒಂದು. ಮಳೆಗಾಲದಲ್ಲಿ ಅದರ ಮಧ್ಯಮ
ಒತ್ತಿದರೆ ಏಳುವುದಿಲ್ಲ, ಉಗುರಿನಿಂದ ಎತ್ತಬೇಕು
(ಇದನ್ನು ಯಾವ ಕಾಲಮಿಗೆ ಹಾಕಲಿ?)
ಕರ್ತನ ಭೋಜನದ ಬೆಳ್ಳಿ ಪಾತ್ರೆ, ಬೂದಿ ಹಾಕಿ ತಿಕ್ಕಿದ್ದೇನೆ,
ತಳದಲ್ಲಿ ಜರ್ಮನ್ ಅಕ್ಷರ. ಓದಬಲ್ಲವರೆಲ್ಲ
ಗೇಟಿನಾಚೆ ಸಾಲಾಗಿ ಮಲಗಿದ್ದಾರೆ.
ಗೋಡೆ ಗಡಿಯಾರ, ಐದು ನಿಮಿಷ ಮುಂದೆ.
ಅಯ್ಯನವರೇ ಇಟ್ಟದ್ದು, ಲೋಕಲ್ ಗಾಡಿ ಹಿಡಿಯುವವರಿಗಾಗಿ.
ಅದರಿಂದ ಪ್ರಸಂಗ ಬೇಗ ಮುಗಿದದ್ದನ್ನು
ನಾನಂತೂ ಕಂಡಿಲ್ಲ.

ರಿಜಿಸ್ಟರು ಮೂರು. ದೀಕ್ಷಾಸ್ನಾನದ್ದು ತೆಳ್ಳಗೆ,
ಮದುವೆಯದು ಇನ್ನೂ ತೆಳ್ಳಗೆ,
ಮಣ್ಣು ಕೊಟ್ಟವರದ್ದು ಎರಡನೇ ಸಂಪುಟ.
ಕೊನೆಯ ಏಳು ವರ್ಷ ಒಂದೇ ಕೈಬರಹ,
ಹುಡುಗರ ಹೆಸರು ಬಂದಲ್ಲಿ ಶಾಯಿ ಸ್ವಲ್ಪ ದಪ್ಪ.

ನಮ್ಮದು ಅಡುಗೆಮನೆಯಲ್ಲಿ ತುಳು, ಪಂಚಾಯತಿನಲ್ಲಿ ಮಲಯಾಳ,
ದೇವರೊಡನೆ ಮಾತ್ರ ಕನ್ನಡ.
ಅದೂ ಪುಸ್ತಕದ ಕನ್ನಡ, ಇಸ್ತ್ರಿ ಹಾಕಿದ್ದು,
ಭಾನುವಾರಕ್ಕೆಂದು ಪೆಟ್ಟಿಗೆಯಿಂದ ತೆಗೆದದ್ದು.
ಮೊನ್ನೆ ಫೋನಿನಲ್ಲಿ ಹೊಸಬರು
'ಹೆಂಗದೀರ್ರಿ ಅಕ್ಕಾರ' ಎಂದಾಗ
ರಾಂಗ್ ನಂಬರ್ ಎಂದುಬಿಟ್ಟೆ.
ಆಮೇಲೆ ನಗು ಬಂತು. ಇನ್ನು ಮುಂದೆ ದೇವರನ್ನೂ
ಹೀಗೇ ಕೇಳುತ್ತಾರೇನೋ,
ಇಷ್ಟು ವರ್ಷ ನಾವ್ಯಾರೂ ಕೇಳಿರಲಿಲ್ಲ.
ಯುವಕ ಸಂಘದವರು ಹೊಸಂಗಡಿಯೆಲ್ಲ ಅಲೆದು
ಜೋಳದ ಹಿಟ್ಟು ಹುಡುಕುತ್ತಿದ್ದಾರೆ.

ವೆಸ್ಟ್ರಿಯ ಕಪಾಟು, ಕೆಳಗಿನ ಖಾನೆ.
ಮೇಣದಬತ್ತಿಯ ತುಂಡು, ಹದಿಮೂರು.
ಅದರಡಿಯಲ್ಲಿ ಹರಿದ ಕ್ಯಾಲೆಂಡರಿನ ಹಾಳೆ,
ಬೆನ್ನ ಮೇಲೆ ಅದೇ ಕೈಬರಹ:
ಬರುವ ಸಹೋದರರಿಗೆ.

ಎಸ್ತೇರಮ್ಮನಿಗೆ ಬಲಗಿವಿ ಮಾತ್ರ. ಅತ್ತ ನಿಂತು ಪ್ರಾರ್ಥಿಸಿ.
ಯೋಬ ಅಮ್ಮನ್ನರ ಬಳಿ ಮಗಳ ಮದುವೆಯ ಮಾತೆತ್ತಬೇಡಿ.
ಕ್ರಿಸ್ಮಸ್ಸಿಗೆ ಅವಳೇ ಬರುತ್ತಾಳೆ, ಮಗುವನ್ನೆತ್ತಿಕೊಂಡು, ಕೊನೆಯ ಬೆಂಚಿಗೆ.
ಸ್ಮಶಾನದ ಕಂಪೌಂಡಿನ ಜಗಳದಲ್ಲಿ ಇಬ್ಬರೂ ಸರಿ.
ಇಬ್ಬರ ಮನೆಯಲ್ಲೂ ಊಟ ಮಾಡಿ.
ಗಾಳಿಯ ರಾತ್ರಿ ಗಂಟೆಯ ಹಗ್ಗ ಒಳಗೆಳೆದಿಡಿ,
ಇಲ್ಲವಾದರೆ ಊರು ಯಾರೋ ಸತ್ತರೆಂದು ಏಳುತ್ತದೆ.

ಆಮೇಲೆ ನಾನು.
ದೀನಮಣಿ ಟೀಚರ್, ಲೆಕ್ಕ ಪೈಸೆಗೆ ಪೈಸೆ ಸರಿ.
ಮುಕ್ತಾಯದ ಕೀರ್ತನೆಯ ನಾಲ್ಕನೇ ಚರಣಕ್ಕೆ ಬಾಯಿ ಮುಚ್ಚುತ್ತಾರೆ.
ಯಾಕೆಂದು ಕೇಳಬೇಡಿ.
ಆ ಚರಣವನ್ನು ಬಿಟ್ಟು ಹಾಡಿಸಲೂ ಬೇಡಿ.

ನಾಲ್ಕನೇ ಚರಣದಲ್ಲಿ ಕಡಲಿದೆ.

ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು
ಯಾರಿಗೂ ಕಾಣದು ಎಂದುಕೊಂಡಿದ್ದೆ.
ಈ ಮನುಷ್ಯ ಏಳು ವರ್ಷ ಮೇಲಿಂದ ನೋಡುತ್ತಲೇ ಇದ್ದು,
ಬಾಗಿಲಲ್ಲಿ ಕೈಕುಲುಕಿ
ಮಳೆಯ ಬಗ್ಗೆ, ಬಂಗುಡೆಯ ಬೆಲೆಯ ಬಗ್ಗೆ ಮಾತಾಡಿ ಕಳಿಸಿದರಲ್ಲ!
ಸಿಟ್ಟು ಬಂತು. ಹಾಳೆ ಮಡಿಸಿದೆ, ಬಿಡಿಸಿದೆ.
ನನ್ನ ಸಾಲನ್ನಷ್ಟೇ ಹೊಡೆದು ಹಾಕಲೆಂದು
ಪೆನ್ನಿನ ಟೋಪಿಯನ್ನೂ ತೆಗೆದೆ.

ಅಯ್ಯನವರ ಬಂಗಲೆಯಿಂದ ಪೇಂಟಿನವನು ಕೂಗಿದ:
ಟೀಚರೇ, ಒಳಗಿನ ಕೋಣೆಗೆ ಬಿಳಿಯೋ ಕ್ರೀಮೋ?
ಯಾವುದಾದರೂ ಹಚ್ಚು ಮಾರಾಯ, ಎಂದೆ.

ಆಮೇಲೆ ಪಟ್ಟಿಯಲ್ಲಿ ಬರೆದೆ:
ಹಳೆಯ ಕಾಗದ, ಒಂದು. ಇದ್ದಲ್ಲೇ ಇದೆ.
ಹಾಳೆಯಲ್ಲಿ, ನನ್ನ ಹೆಸರಿನ ಕೆಳಗೆ, ನನ್ನ ಅಕ್ಷರದಲ್ಲಿ:
ಹಾರ್ಮೋನಿಯಂನ ಮಧ್ಯಮ ಮಳೆಗಾಲದಲ್ಲಿ ಏಳುವುದಿಲ್ಲ,
ಉಗುರಿನಿಂದ ಮೆಲ್ಲಗೆ ಎತ್ತಬೇಕು.